ಕನ್ನಡಿಯಲ್ಲಿ ಕಂಡ ಬೇಡಿಕೆ ರೇಖೆ

ಕತ್ತರಿಯಣ್ಣನಿಗೆ ನೇರ ಅಕ್ಷರಗಳಿಗಿಂತ ತಿರುವುಮುರುವಾದ ಅಕ್ಷರಗಳೇ ಸಲೀಸು. ಅದು ಅಂಗಡಿಯ ವಿನ್ಯಾಸದಿಂದ ಅಂಟಿದ ಅಭ್ಯಾಸ. ಒಂದು ಗೋಡೆಗೆ ಉದ್ದನೆಯ ಕನ್ನಡಿ, ಅದರ ಮುಂದೆ ತಿರುಗುವ ಕುರ್ಚಿ. ಎದುರು ಗೋಡೆಯ ಮೇಲೆ ಟಿವಿ. ಕುರ್ಚಿಯಲ್ಲಿ ಕೂತವರು ಕತ್ತು ತಿರುಗಿಸದೆ ಕನ್ನಡಿಯಲ್ಲೇ ಟಿವಿ ನೋಡಿಕೊಂಡಿದ್ದರೆ ಕಿವಿ ಉಳಿಯುತ್ತದೆ ಎಂಬ ಲೆಕ್ಕಾಚಾರದಿಂದ ಅವನೇ ಮಾಡಿದ ಏರ್ಪಾಡು. ಗಿರಾಕಿಯ ಹಿಂದೆ ನಿಂತು ಕೂದಲು ಕತ್ತರಿಸುವ ಅವನೂ ವರ್ಷಗಟ್ಟಲೆ ಕ್ರಿಕೆಟ್ ಸ್ಕೋರು, ಸುದ್ದಿ, ಜಾಹೀರಾತು ಎಲ್ಲವನ್ನೂ ಕನ್ನಡಿಯಲ್ಲೇ ಓದಿದ್ದ. ಈಗಂತೂ ಅಕ್ಷರ ತಿರುಗಿದೆ ಎಂಬುದು ಅವನ ಗಮನಕ್ಕೇ ಬರುತ್ತಿರಲಿಲ್ಲ.

ಇಂಥವನು ನಡುವಯಸ್ಸಿನಲ್ಲಿ ಪಿಯುಸಿ ಅರ್ಥಶಾಸ್ತ್ರ ಓದಲು ಹೊರಟದ್ದು ಒಂದು ಕುರ್ಚಿಗಾಗಿ.

ಬೆಳಗಿನಿಂದ ಕತ್ತಲಾಗುವವರೆಗೆ ನಿಂತೇ ಮಾಡುವ ಕೆಲಸ. ಕಾಲಿನ ನರಗಳು ಹುರಿಹಗ್ಗದಂತೆ ಉಬ್ಬಿಕೊಂಡಿದ್ದವು. ಡಾಕ್ಟರು ಒತ್ತಿ ನೋಡಿ, "ಕೂತು ಮಾಡೋ ಕೆಲಸ ಹುಡುಕಿಕೊಳ್ಳಿ. ಇಲ್ಲಾಂದ್ರೆ ಮುಂದೆ ನಿಲ್ಲೋದಿರಲಿ, ನಡೆಯೋದೂ ಕಷ್ಟ," ಅಂದಿದ್ದರು. ಅದೃಷ್ಟಕ್ಕೆ ಕೇಶಾಲಂಕಾರ ತರಬೇತಿ ಕೇಂದ್ರದ ಪ್ರಾಂಶುಪಾಲೆ ಅವನ ಕೈಚಳಕ ಬಲ್ಲವರು. ಅಲ್ಲಿ ಬೋಧಕನ ಜಾಗ ಖಾಲಿಯಿತ್ತು, ಬೋಧಕನಿಗೆ ಒಂದು ಕುರ್ಚಿಯೂ ಇತ್ತು. "ನಿಮ್ಮಂಥವರೇ ಬೇಕು. ಆದರೆ ಪಿಯುಸಿ ಪಾಸಾಗಿರಲೇಬೇಕು ಅಂತ ನಿಯಮ. ಮುಂದಿನ ತಂಡ ಸೇರೋವರೆಗೆ ಜಾಗ ಹಿಡಿದಿಟ್ಟಿರ್ತೀನಿ," ಅಂದರು. ಅವನು ಕೂಡಲೇ ಆನ್‌ಲೈನ್ ದೂರಶಿಕ್ಷಣಕ್ಕೆ ಸೇರಿಕೊಂಡ. ಉಳಿದ ವಿಷಯಗಳನ್ನು ಹೇಗೋ ದಾಟಿದ. ಅರ್ಥಶಾಸ್ತ್ರದಲ್ಲಿ ಮಾತ್ರ ಮೊದಲ ಸಲ ಡುಮ್ಕಿ ಹೊಡೆದ. ಈಗ ಉಳಿದಿದ್ದುದು ಅದೊಂದು ಪತ್ರಿಕೆ, ಒಂದೇ ಅವಕಾಶ.

ಮನೆಯಲ್ಲಿ ಓದೋಣವೆಂದರೆ ಮುಂದಿನ ಕೋಣೆಯಲ್ಲಿ ಹೆಂಡತಿಯ ಹಿಟ್ಟಿನ ಗಿರಣಿ. ಅದು ತಿರುಗಲು ಶುರುವಾದರೆ ಗೋಡೆಯ ಕ್ಯಾಲೆಂಡರೂ ಕುಣಿಯುತ್ತಿತ್ತು. ಒಮ್ಮೆ ಪುಸ್ತಕ ಹಿಡಿದು ಕೂತವನು ಅರ್ಧ ಪುಟದಲ್ಲೇ ತೂಕಡಿಸಿ, ಸೆಕೆಗೆ ಅದೇ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಚೆನ್ನಾಗಿದೆ ಸಂಸಾರ. ನಾನು ಹಿಟ್ಟು ಬೀಸ್ತೀನಿ, ನೀವು ಪುಸ್ತಕ ಬೀಸ್ತೀರಿ."

ಅಂದಿನಿಂದ ಪುಸ್ತಕ ಮೂಲೆ ಸೇರಿತು. ಭಾನುವಾರದ ಪಾಠವನ್ನೇ ನಂಬಿಕೊಂಡ. ಆದರೆ ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರದ ದಿನ. ಮಗಳು ಫೋನಿನ ಪಾಠ ಟಿವಿಯಲ್ಲಿ ಬರುವಂತೆ ಜೋಡಿಸಿ, ಮೈಕನ್ನು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ತೋರಿಸಿಕೊಟ್ಟು ಔಷಧಿ ಅಂಗಡಿಯ ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಕತ್ತರಿಯಣ್ಣ ಕತ್ತರಿ ಆಡಿಸುತ್ತಲೇ ಕನ್ನಡಿಯಲ್ಲಿ ಅರ್ಥಶಾಸ್ತ್ರದ ಮೇಡಂ ಬರೆಯುವುದನ್ನು ನೋಡುತ್ತಿದ್ದ. ಗಿರಾಕಿಗಳಿಗೆ ಕ್ಷೌರದ ಜೊತೆ ಪಿಯುಸಿ ಪುಕ್ಕಟೆ.

ಅವರಲ್ಲಿ ತಪ್ಪದೆ ಬರುತ್ತಿದ್ದವರು ಬೋಳಣ್ಣ. ನಿವೃತ್ತ ಟಿಕೆಟ್ ಕಲೆಕ್ಟರ್. ಹುಟ್ಟಿಸಿದ ಅಪ್ಪನ ಮಾತನ್ನೂ ಟಿಕೆಟ್ ತೋರಿಸದೆ ನಂಬುವ ಜಾತಿಯಲ್ಲ. ತಲೆಯ ಸುತ್ತ ಉಳಿದಿದ್ದ ಒಂದು ಗೀರು ಕೂದಲನ್ನು ವಾರಕ್ಕೊಮ್ಮೆ ಬೋಳಿಸಿಕೊಳ್ಳಲು ಬಂದು, ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಮಧ್ಯಾಹ್ನದವರೆಗೆ ಕೂರುತ್ತಿದ್ದರು.

ಒಂದು ಭಾನುವಾರ ಮೇಡಂ ಕೇಳಿದರು: "ಬೆಲೆ ಎಷ್ಟೇ ಬದಲಾದರೂ ಬೇಡಿಕೆ ಚೂರೂ ಬದಲಾಗದ ವಸ್ತುವಿಗೆ ಉದಾಹರಣೆ ಕೊಡಿ ನೋಡೋಣ."

ಕತ್ತರಿಯಣ್ಣ ಉಪ್ಪು ಎನ್ನೋಣವೆಂದು ಮೈಕ್ ತೆರೆದ. ಅಷ್ಟರಲ್ಲಿ ಬೆಂಚಿನಿಂದ ರೈಲು ನಿಲ್ದಾಣಕ್ಕೆ ಕೇಳುವಂಥ ದನಿ ಬಂತು.

"ನಂಗೆ ಬಾಚಣಿಗೆ! ಪುಕ್ಕಟೆ ಕೊಟ್ರೂ ಬೇಡ!"

ಪಾಠಕ್ಕೆ ಕೂತಿದ್ದವರಿಗೆಲ್ಲ ಅದು ಕೇಳಿಸಿತು. ಆಮೇಲೆ ಎಲ್ಲೆಲ್ಲಿಂದಲೋ ನಗು. ಮೇಡಂ ಕೂಡ ನಗು ತಡೆಯುತ್ತಾ, "ಯಾರಪ್ಪಾ ಅದು? ಉತ್ತರ ಸರಿಯಾಗೇ ಇದೆ," ಅಂದರು. ಬೋಳಣ್ಣ ಬೋಳುತಲೆ ಸವರಿಕೊಂಡು ಗತ್ತಿನಿಂದ ಸುತ್ತ ನೋಡಿದರು. ಅಂದಿನಿಂದ ಅವರೂ ತಮ್ಮನ್ನು ಅರ್ಥಶಾಸ್ತ್ರದ ವಿದ್ಯಾರ್ಥಿ ಎಂದೇ ತಿಳಿದುಕೊಂಡರು.

ಪಾಠ ಮುಂದುವರಿದು ರೇಖಾಚಿತ್ರಗಳಿಗೆ ಬಂತು. ಅವು ಬಂದರೆ ಪಾಸಾದ ಹಾಗೆಯೇ ಎಂದು ಮೇಡಂ ಹೇಳಿದ್ದರಿಂದ ಕತ್ತರಿಯಣ್ಣ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಎಡಗಡೆ ಬೆಲೆ, ಕೆಳಗಡೆ ಪ್ರಮಾಣ," ಅಂದರು ಮೇಡಂ. ಕನ್ನಡಿಯಲ್ಲಿ ಬೆಲೆಯ ಗೆರೆ ಬಲಗಡೆ ಇತ್ತು. ಎದುರು ನಿಂತವರ ಎಡ ನಮ್ಮ ಬಲವಲ್ಲವೇ ಎಂದು ಅವನೇ ಸಮಾಧಾನ ಹೇಳಿಕೊಂಡ. ಆಮೇಲೆ ಅವರು ಬೇಡಿಕೆ ರೇಖೆ ಎಳೆದರು. ಅದು ಹೇಗೆ ಹೋಗುತ್ತದೆಂದು ಬಾಯಲ್ಲೂ ಹೇಳಿದರೇನೋ, ಆ ಹೊತ್ತಿಗೆ ಅವನು ಒಬ್ಬನ ತಲೆ ಒಣಗಿಸುತ್ತಿದ್ದ. ಯಂತ್ರದ ಸದ್ದಿಗೆ ಮಾತು ಕೇಳಲಿಲ್ಲ. ಕನ್ನಡಿಯಲ್ಲಿ ರೇಖೆ ಮಾತ್ರ ಸ್ಪಷ್ಟವಾಗಿ ಕಂಡಿತು. ಎಡಗಡೆ ತಗ್ಗಿನಿಂದ ಹೊರಟು ಬಲಗಡೆ ಸೊಗಸಾಗಿ ಮೇಲೇರಿತ್ತು.

ಹೀಗೆ ಕಿವಿ ನೇರವಾಗಿ ಕಲಿಯಿತು, ಕಣ್ಣು ತಿರುವಾಗಿ ಕಲಿಯಿತು. ಚಿತ್ರ ಪೂರ್ತಿ ತಿರುಗಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ. ಆದರೆ ಅಭ್ಯಾಸ ಪರೀಕ್ಷೆಯಲ್ಲಿ ಕತ್ತರಿಯಣ್ಣ ಬೆಲೆ, ಪ್ರಮಾಣದ ಗೆರೆಗಳನ್ನು ಕಿವಿಯ ಮಾತು ಕೇಳಿ ಹಾಕಿದ, ರೇಖೆಯನ್ನು ಕಣ್ಣಿನ ಮಾತು ಕೇಳಿ ಎಳೆದ. ಫೋಟೋ ತೆಗೆದು ಕಳಿಸಿ ನೆಮ್ಮದಿಯಾಗಿ ಮಲಗಿದ.

ಮುಂದಿನ ಭಾನುವಾರ, ಪರೀಕ್ಷೆಗೆ ಮುಂಚಿನ ಕೊನೆಯ ಪಾಠ. ಲಾರಿ ಡ್ರೈವರೊಬ್ಬ ಮುಖದ ತುಂಬ ನೊರೆ ಮೆತ್ತಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ. ಮೇಡಂ ಮೊದಲು ಸರಿ ಚಿತ್ರವನ್ನು ಇನ್ನೊಮ್ಮೆ ಬರೆದು, ಆಮೇಲೆ ನಕ್ಕರು.

"ಒಬ್ಬರು ಬೇಡಿಕೆ ರೇಖೆಯನ್ನ ಗುಡ್ಡ ಹತ್ತಿಸಿದ್ದಾರೆ. ಬೆಲೆ ಏರಿದಷ್ಟೂ ಜನ ಮುಗಿಬಿದ್ದು ಕೊಳ್ಳೋ ಊರು ಯಾವುದಪ್ಪಾ ಅದು? ನಾನೂ ಅಲ್ಲೇ ಒಂದು ಅಂಗಡಿ ಇಡ್ತೀನಿ. ನೋಡಿ, ಹೀಗೆ ಬರಬೇಕು."

ಕತ್ತರಿಯಣ್ಣನ ಕಿವಿ ಕೆಂಪಾಯಿತು. "ಈ ಮೇಡಂಗೆ ಏನಾಗಿದೆ? ಈಗ ಅವರು ಬರೆದಿರೋದೂ ಏರ್ತಾನೇ ಇದೆಯಲ್ಲ!"

"ಎಲ್ಲಿ ಏರ್ತಿದೆಯೋ? ಇಳೀತಾ ಇದೆ," ಅಂದರು ಬೋಳಣ್ಣ ಬೆಂಚಿನಿಂದ. ಅವರು ಕತ್ತು ಹೊರಳಿಸಿ ನೇರ ಟಿವಿಯನ್ನೇ ನೋಡುತ್ತಿದ್ದರು.

"ಬೋಳಣ್ಣ, ಕನ್ನಡಕ ಬದಲಾಯಿಸಿ."

"ಕನ್ನಡಕ ಸರಿಯಾಗೇ ಇದೆ. ನಿನ್ನ ತಲೇನೇ ಬದಲಾಯಿಸ್ಬೇಕು."

"ನೀವೇ ಹೇಳಿ ಅಣ್ಣಾ," ಎಂದು ಕತ್ತರಿಯಣ್ಣ ಡ್ರೈವರನ ಭುಜ ತಟ್ಟಿದ. "ಏರ್ತಿದೆಯೋ ಇಳೀತಿದೆಯೋ?"

ಡ್ರೈವರ್ ಕನ್ನಡಿಯನ್ನು ದಿಟ್ಟಿಸಿದ. ನೊರೆಯ ನಡುವಿನಿಂದ ತೀರ್ಪು ಹೊರಬಂತು. "ನಾನು ದಿನಾ ಕನ್ನಡಿ ನೋಡ್ಕೊಂಡೇ ಲಾರಿ ಹಿಂದಕ್ಕೆ ತೆಗೆಯೋನು. ನನ್ನ ಕಣ್ಣು ತಪ್ಪೋದಿಲ್ಲ. ಏರ್ತಾ ಇದೆ."

"ಕೇಳಿದ್ರಾ? ಎರಡಕ್ಕೆ ಒಂದು!"

"ಓಟು ಹಾಕಿ ಗೆಲ್ಲೋಕೆ ಇದೇನು ಚುನಾವಣೆನಾ?" ಬೋಳಣ್ಣ ಎದ್ದೇ ನಿಂತರು. "ಮೂವತ್ತು ವರ್ಷ ಹಳಿ ಮೇಲೆ ಓಡಾಡಿದೋನು ನಾನು. ಏರು ಯಾವುದು, ಇಳಿಜಾರು ಯಾವುದು ಅಂತ ನಂಗೆ ಹೇಳ್ಕೊಡ್ತೀರಾ?"

ಕೆಲಸದ ನಡುವೆ ಬಿಡುವು ಮಾಡಿಕೊಂಡು, ಚಹಾದ ಫ್ಲಾಸ್ಕ್ ಹಿಡಿದು ಮಗಳು ಒಳಗೆ ಬಂದಾಗ ಮೂವರೂ ಒಟ್ಟಿಗೆ ಕೂಗುತ್ತಿದ್ದರು. ಅವಳು ಬೋಳಣ್ಣನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕನ್ನಡಿ ನೋಡಿದಳು. ಫ್ಲಾಸ್ಕ್ ಕೆಳಗಿಟ್ಟು, ಡ್ರೈವರನ ಸಮೇತ ಕುರ್ಚಿಯನ್ನು ಗರ್ರನೆ ಟಿವಿಯ ಕಡೆ ತಿರುಗಿಸಿದಳು.

"ಅಯ್ಯಯ್ಯೋ!" ಅಂದ ಡ್ರೈವರ್. "ಇಳಿದೇಬಿಡ್ತು!"

ಕತ್ತರಿಯಣ್ಣ ನಿಧಾನವಾಗಿ ಹಿಂದಕ್ಕೆ ತಿರುಗಿದ. ನೇರ ಟಿವಿಯಲ್ಲಿ ರೇಖೆ ಎಡದಿಂದ ಬಲಕ್ಕೆ ಜಾರುಬಂಡೆಯಂತೆ ಇಳಿದಿತ್ತು. ಮತ್ತೆ ಕನ್ನಡಿ ನೋಡಿದ, ಏರಿತ್ತು.

"ಅಪ್ಪಾ," ಅಂದಳು ಮಗಳು ಮೆಲ್ಲಗೆ, "ಎಲ್ಲಾ ಪಾಠಾನೂ ಹೀಗೇ ನೋಡಿದ್ದೀಯಾ?"

ಪೂರೈಕೆ ರೇಖೆ, ಸಮತೋಲನ, ವೆಚ್ಚದ ರೇಖೆಗಳು ಒಂದೊಂದಾಗಿ ಅವನ ತಲೆಯೊಳಗೆ ಮಗುಚಿಕೊಳ್ಳುತ್ತಿದ್ದವು. ತರಬೇತಿ ಕೇಂದ್ರದ ಆ ಬೋಧಕನ ಕುರ್ಚಿ ದೂರ ಸರಿಯುತ್ತಿರುವ ಹಾಗೆ ಅನ್ನಿಸಿತು.

ಆ ವಾರವೆಲ್ಲ ಹಳೆಯ ಪೇಪರು, ಹಾಲಿನ ಚೀಟಿ, ಹಿಟ್ಟಿನ ಚೀಲ ಯಾವುದನ್ನೂ ಬಿಡದೆ ಗೀಚಿದ. ಮನಸ್ಸು ಕೆಳಗೆ ಎನ್ನುತ್ತಿತ್ತು, ಕೈ ಮೇಲಕ್ಕೆ ಹೋಗುತ್ತಿತ್ತು. ಹೆಂಡತಿ ಚೀಲದ ಮೇಲಿನ ಗೀಚು ನೋಡಿ ನಿಟ್ಟುಸಿರು ಬಿಟ್ಟಳು.

"ಊರಿನವರಿಗೆಲ್ಲ ಬೈತಲೆ ನೇರ ತೆಗೆಯೋರು ನೀವು. ಒಂದು ಗೆರೆ ಸರಿಯಾಗಿ ಎಳೆಯೋಕೆ ಇಷ್ಟು ಒದ್ದಾಟವಾ?"

"ಬೈತಲೆ ತೆಗೆಯೋವಾಗ ತಲೆ ಮುಂದೇನೇ ಇರುತ್ತೆ ಕಣೇ."

"ಇಲ್ಲೂ ತಲೇನ ಮುಂದಿಟ್ಕೊಳ್ಳಿ. ಸುಮ್ನೆ ಕೈ ನಂಬಬೇಡಿ." ಆಮೇಲೆ ಅವನ ಕಾಲಿನ ಉಬ್ಬಿದ ನರಗಳ ಕಡೆ ನೋಡಿ ದನಿ ತಗ್ಗಿಸಿದಳು. "ಆಗುತ್ತೆ ಬಿಡ್ರೀ. ಮೊದಲು ಕಾಲು ಮೇಲೆ ಇಟ್ಕೊಂಡು ಕೂತ್ಕೊಳ್ಳಿ."

ಪರೀಕ್ಷೆಯೂ ಆನ್‌ಲೈನಿನಲ್ಲೇ. ಕ್ಯಾಮೆರಾ ಮುಂದೆ ಕೂತು ಹಾಳೆಯ ಮೇಲೆ ಬರೆದು, ಕೊನೆಗೆ ಫೋಟೋ ಕಳಿಸಬೇಕು. ಗಿರಣಿಯ ಸದ್ದಿಲ್ಲದ ಜಾಗವೆಂದು ಅಂಗಡಿಯ ರಜಾದಿನ ಬಾಗಿಲು ಮುಚ್ಚಿಕೊಂಡು ಒಳಗೆ ಕೂತ. ಮೇಲ್ವಿಚಾರಕರ ದನಿ ಫೋನಿನಿಂದ ಬಂತು.

"ಕೋಣೆಯನ್ನ ಸುತ್ತ ತೋರಿಸಿ. ಬೇರೆ ಯಾರೂ ಇರಬಾರದು."

ಅವನು ಫೋನು ಹಿಡಿದು ಸುತ್ತಲೂ ತಿರುಗಿಸಿದ.

"ನಿಲ್ಲಿ, ನಿಲ್ಲಿ. ಅಲ್ಲಿ ಒಬ್ಬರಿದ್ದಾರೆ. ಅವರನ್ನ ಹೊರಗೆ ಕಳಿಸಿ."

"ಅದು ನಾನೇ ಸಾರ್."

"ನೀವು ಈ ಕಡೆ ಇದ್ದೀರಿ. ನಾನು ಹೇಳ್ತಿರೋದು ಆ ಕಡೆ ಫೋನ್ ಹಿಡ್ಕೊಂಡಿರೋರ ವಿಷಯ. ಪರೀಕ್ಷೇಲಿ ಎರಡನೇ ಫೋನ್ ಇರೋ ಹಾಗಿಲ್ಲ."

"ಅದೂ ಇದೇ ಫೋನು ಸಾರ್. ಕನ್ನಡಿ. ನಾನು ಹೊರಗೆ ಹೋದ್ರೆ ಅವನೂ ಹೋಗ್ತಾನೆ, ಆದ್ರೆ ಪರೀಕ್ಷೆ ಬರೆಯೋರು ಯಾರು?"

ದನಿ "ಕನ್ನಡಿ ಮುಚ್ಚಿ," ಅಂದಿತು.

ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಗಳನ್ನು ಕ್ಲಿಪ್ಪು ಹಾಕಿ ಇಡೀ ಕನ್ನಡಿಗೆ ಹೊದಿಸಿದ. ಅಂಗಡಿ ತೆರೆದ ದಿನದಿಂದ ಆ ಕನ್ನಡಿ ಮುಚ್ಚಿದ್ದು ಅದೇ ಮೊದಲು. ಪ್ರಶ್ನೆಪತ್ರಿಕೆಯ ಮೊದಲ ದೊಡ್ಡ ಪ್ರಶ್ನೆಯೇ ಬೇಡಿಕೆ ನಿಯಮ, ಚಿತ್ರ ಸಹಿತ. ಗೆರೆಗಳನ್ನು ಹಾಕಿದ. ರೇಖೆಗೆ ಬಂದಾಗ ಪೆನ್ಸಿಲು ಎಡಗಡೆ ತಗ್ಗಿನಲ್ಲೇ ಮೊಳೆ ಹೊಡೆದಂತೆ ನಿಂತಿತು. ಅಭ್ಯಾಸಬಲದಿಂದ ತಲೆ ಎತ್ತಿ ಕನ್ನಡಿ ನೋಡಿದ. ಬಿಳಿ ಬಟ್ಟೆ.

"ಪದೇ ಪದೇ ಯಾಕೆ ತಲೆ ಎತ್ತುತ್ತೀರಿ?"

"ಕಸುಬಿನ ಚಾಳಿ ಸಾರ್."

ಬಟ್ಟೆಯ ಅಂಚಿಗೆ ಒಂದು ಉದ್ದ ಕೂದಲು ಅಂಟಿಕೊಂಡಿತ್ತು. ಅದನ್ನು ನೋಡಿದಾಗ ಕಾಲೇಜು ಹುಡುಗರು ನೆನಪಾದರು. ಹೋದ ಸಲ ಅವನು ಕಟಿಂಗ್ ದರ ಏರಿಸಿದಾಗ ಯಾರೂ ಜಗಳವಾಡಿರಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದವರು ಕೂದಲು ಕಣ್ಣಿನ ಮೇಲೆ ಇಳಿಬಿದ್ದ ಮೇಲಷ್ಟೇ ಬರತೊಡಗಿದ್ದರು. ಬೆಲೆ ಏರಿದರೆ ತಲೆಗೂದಲು ಬೆಳೆಯುತ್ತದೆ, ಕುರ್ಚಿ ಖಾಲಿ ಬೀಳುತ್ತದೆ. ಇಷ್ಟೇ ತಾನೇ ಮೇಡಂ ಹೇಳಿದ್ದು? ಕೈಯ ಮಾತನ್ನು ಪಕ್ಕಕ್ಕಿಟ್ಟ. ದರ ಹೆಚ್ಚಿದ್ದಾಗ ತಲೆಗಳು ಕಡಿಮೆ: ಮೇಲೆ ಎಡಕ್ಕೆ ಒಂದು ಚುಕ್ಕೆ. ದರ ಕಡಿಮೆಯಿದ್ದಾಗ ತಲೆಗಳು ಹೆಚ್ಚು: ಕೆಳಗೆ ಬಲಕ್ಕೆ ಒಂದು ಚುಕ್ಕೆ. ನಡುವೆ ಇನ್ನೊಂದಿಷ್ಟು ಚುಕ್ಕೆ ಇಟ್ಟು ಸೇರಿಸಿದ. ರೇಖೆ ತಾನಾಗಿಯೇ ಇಳಿಯಿತು. ಉಳಿದ ಚಿತ್ರಗಳನ್ನೂ ಹಾಗೆಯೇ, ಅಂಗಡಿಯನ್ನು ನೆನೆದು ಚುಕ್ಕೆಯಿಂದ ಚುಕ್ಕೆಗೆ ಹೋದ. ಒಂದೆರಡು ಪ್ರಶ್ನೆಗಳು ಮಾತ್ರ ಯಾವ ದಿಕ್ಕಿನಿಂದ ನೋಡಿದರೂ ಅರ್ಥವಾಗಲಿಲ್ಲ. ಅವನ್ನು ಹಾಗೇ ಬಿಟ್ಟ.

ಫಲಿತಾಂಶ ಬಂದಾಗ ಅವನು ಬೋಳಣ್ಣನ ತಲೆಗೆ ನೊರೆ ಹಚ್ಚಿ, ಕಿವಿಯ ಹಿಂದೆ ಕತ್ತಿ ಇಟ್ಟಿದ್ದ. ಮಗಳು ಓಡಿಬಂದಳು, ಹಿಂದೆಯೇ ಸೆರಗಿನ ತುಂಬ ಹಿಟ್ಟು ಮೆತ್ತಿಕೊಂಡ ಹೆಂಡತಿ.

"ಅಪ್ಪಾ, ಟಿವಿಗೆ ಹಾಕ್ತೀನಿ ನೋಡು. ನಾನೂ ಇನ್ನೂ ನೋಡಿಲ್ಲ." ಅವಳು ಫೋನಿನ ಮೇಲೆ ಬಾಗಿ ಒತ್ತತೊಡಗಿದಳು.

ಕತ್ತಿ ಬೋಳಣ್ಣನ ಚರ್ಮದ ಮೇಲಿತ್ತು, ಕತ್ತರಿಯಣ್ಣ ತಿರುಗುವಂತಿರಲಿಲ್ಲ. ಪಾಸಾಗಲು ಮೂವತ್ತೈದು ಬೇಕು. ಹಿಂದಿನ ಗೋಡೆಯಲ್ಲಿ ಟಿವಿ ಬೆಳಗಿತು. ಬೋಳಣ್ಣನೇ ಮೊದಲು ಕನ್ನಡಿಯತ್ತ ಕಣ್ಣು ಕಿರಿದು ಮಾಡಿ ನೋಡಿದರು. ಅವರ ಮುಖ ಇಳಿಯಿತು.

"ಇಪ್ಪತ್ತಾರು," ಅಂದರು.

ಹೆಂಡತಿ ಬಾಗಿಲಿಗೆ ಒರಗಿ ನಿಂತುಬಿಟ್ಟಳು. ಕತ್ತಿ ಇದ್ದಲ್ಲೇ ಇತ್ತು. ಕತ್ತರಿಯಣ್ಣ ಕಣ್ಣೆತ್ತಿ ಕನ್ನಡಿಯನ್ನು ನೋಡಿದ, ಕ್ರಿಕೆಟ್ ಸ್ಕೋರು ನೋಡುವಷ್ಟೇ ಹೊತ್ತು. ಆಮೇಲೆ ಕಿವಿಯ ಹಿಂದಿನ ಗೀರನ್ನು ಒಂದೇ ಎಳೆತಕ್ಕೆ ಮುಗಿಸಿ, ಕತ್ತಿಯನ್ನು ಬಟ್ಟೆಗೆ ಒರೆಸಿದ.

"ಬೋಳಣ್ಣ, ಕನ್ನಡಿ ಓದೋದು ಎಲ್ಲರಿಗೂ ಬರೋದಿಲ್ಲ. ಅದು ಅರವತ್ತೆರಡು."

ಎಲ್ಲರೂ ಟಿವಿಯ ಕಡೆ ತಿರುಗಿದರು. ಅರವತ್ತೆರಡೇ.

"ಹಾಳಾಗಿ ಹೋಗ!" ಬೋಳಣ್ಣ ಅರ್ಧ ನೊರೆಯಲ್ಲೇ ಎದ್ದು ಅವನ ಎರಡೂ ಭುಜ ಹಿಡಿದು ಕುರ್ಚಿಯಲ್ಲಿ ಕುಕ್ಕಿದರು. "ಕೂತ್ಕೋ. ಇನ್ಮೇಲೆ ಕೂತು ತಿನ್ನೋನು ನೀನು, ಈಗ್ಲಿಂದ್ಲೇ ಅಭ್ಯಾಸ ಮಾಡ್ಕೋ."

"ನಿಮ್ಮ ತಲೆ ಇನ್ನೂ ಅರ್ಧ..."

"ಇರಲಿ ಬಿಡೋ. ಅದಕ್ಕೇನು ಬಾಚಣಿಗೆ ಬೇಕಾ?"

ಹೆಂಡತಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯನ್ನೆಲ್ಲ ಬಿಳಿ ಮಾಡಿಕೊಂಡಳು. ಮಗಳು ಅಪ್ಪನ ಕಾಲುಗಳನ್ನೆತ್ತಿ ಕುರ್ಚಿಯ ಕಾಲುಮಣೆಯ ಮೇಲಿಟ್ಟಳು. ಬೋಳಣ್ಣ ಕುರ್ಚಿಯನ್ನು ಎತ್ತರಿಸುವ ಬುಡದ ಹಿಡಿಯನ್ನು ಕಾಲಿನಿಂದ ಮತ್ತೆ ಮತ್ತೆ ತುಳಿದರು. ಕತ್ತರಿಯಣ್ಣ ಒಂದೊಂದೇ ಅಂಗುಲ ಮೇಲೇರುತ್ತಾ ಹೋದ.

"ನೋಡಯ್ಯಾ, ನಿನ್ನ ಬೆಲೆ ಹೇಗೆ ಏರ್ತಾ ಇದೆ!"

"ಸಾಕು ನಿಲ್ಸಿ ಬೋಳಣ್ಣ," ಅಂದ ಕತ್ತರಿಯಣ್ಣ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು. "ಬೇಡಿಕೆ ಇಳಿದುಬಿಡುತ್ತೆ."