ಒದ್ದೆ ಸೊಪ್ಪು, ದೋಣಿಯ ಹುಡುಗಿ

ನಮ್ಮೂರು ಆವನಿಯ ಶಾಲೆಯಿಂದ ಮಗಳು ಆ ಕಾದಂಬರಿಯನ್ನು ತಂದ ದಿನ ನಾನು ರಾಗಿ ಬೀಸುವುದನ್ನು ಅಷ್ಟಕ್ಕೇ ಬಿಟ್ಟು ಎದ್ದೆ. ರಟ್ಟು ಬೇರೆ, ಕಥೆ ಅದೇ. ಸಮುದ್ರ, ಒಡೆದ ಹಡಗು, ಕಳ್ಳರ ದ್ವೀಪ. ಹದಿನೈದು ವರ್ಷ ಈ ಪುಸ್ತಕವನ್ನು ಎಷ್ಟು ನೆನೆಸಿಕೊಂಡಿದ್ದೆನೋ ಅಷ್ಟೇ ಶಪಿಸಿಯೂ ಇದ್ದೆ. ನನ್ನ ಓದು ಹಾಳಾಗಿದ್ದು ಇದರಿಂದಲೇ ಎಂದು ನಂಬಿದ್ದೆ.

ಸುಗಟೂರಿನಲ್ಲಿ ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನನಗಾಗ ಹನ್ನೆರಡು. ಊರಿನ ಮೇಷ್ಟ್ರು ನಮ್ಮ ಜಗಲಿಗೇ ಬಂದು ಕೂತು, ನನ್ನನ್ನು ಕೋಲಾರದ ಹೆಣ್ಣುಮಕ್ಕಳ ಶಾಲೆಗೆ ಕಳಿಸಬೇಕು, ಅಲ್ಲಿ ತಮ್ಮ ಅಕ್ಕನ ಮನೆಯಲ್ಲಿ ಇರಲಿ ಎಂದು ಅಪ್ಪನಿಗೆ ಹೇಳಿದ್ದರು. ಈ ಬೆಳೆ ಮುಗಿಯಲಿ, ಕಳಿಸ್ತೀನಿ ಎಂದು ಅಪ್ಪ ನಾಲ್ಕು ಜನರ ಎದುರಿಗೆ ಒಪ್ಪಿಕೊಂಡಿದ್ದ. ಆ ಖುಷಿಗೆ ಮೇಷ್ಟ್ರು ಕೊಟ್ಟ ಪುಸ್ತಕ ಅದು.

ಅದರ ಮೊದಲ ಅರ್ಧವನ್ನು ಮೂರು ಸಲ ಓದಿದೆ. ಮುಗಿದುಹೋಗುತ್ತದಲ್ಲ ಎಂಬ ಜಿಪುಣತನ. ಒಂದಷ್ಟು ಮುಂದೆ ಹೋಗಿ ಮತ್ತೆ ಮೊದಲಿಗೇ ಬರುತ್ತಿದ್ದೆ. ನಾಯಕ ಪೆಟ್ಟು ತಿಂದು ಎಚ್ಚರ ತಪ್ಪಿದಾಗ ಮೀನುಗಾರನ ಮಗಳು ಒಬ್ಬಳೇ ಬಿರುಗಾಳಿಯಲ್ಲಿ ದೋಣಿ ನಡೆಸುತ್ತಾಳೆ. ಕೆರೆಗಿಂತ ದೊಡ್ಡ ನೀರನ್ನು ನಾನು ಕಂಡವಳಲ್ಲ. ಆದರೂ ಆ ಹುಟ್ಟು ನನ್ನ ಕೈಯಲ್ಲೇ ಇತ್ತು.

ಹುಳು ಆಗ ನಾಲ್ಕನೆಯ ಜ್ವರ ಎದ್ದಿತ್ತು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮುಂಚಿನ ದೊಡ್ಡ ಹಸಿವಿನಲ್ಲಿತ್ತು. ಹೊರಗೆ ಮೂರು ದಿನದಿಂದ ಸೋನೆ ಮಳೆ. ಹಿಪ್ಪುನೇರಳೆ ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿ, ಆರಿಸಿ ಹಾಕುವುದು ನನ್ನ ಕೆಲಸ. ಒದ್ದೆ ಸೊಪ್ಪು ತಿಂದರೆ ಹುಳುವಿಗೆ ಕೇಡು. ಆ ಮಧ್ಯಾಹ್ನ ದೋಣಿಯ ಧ್ಯಾನದಲ್ಲಿ ನಾನು ಮೂರು ತಟ್ಟೆಗಳಿಗೆ ನೀರು ತೊಟ್ಟಿಕ್ಕುವ ಸೊಪ್ಪನ್ನೇ ಸುರಿದೆ. ಅಪ್ಪ ನೋಡಿದ. ಹೊಡೆಯಲಿಲ್ಲ. ಪುಸ್ತಕವನ್ನು ಕಿತ್ತುಕೊಂಡು ಹೋದ, ಅಷ್ಟೆ.

ನಾಲ್ಕು ದಿನದೊಳಗೆ ಎಲ್ಲ ತಟ್ಟೆಯ ಹುಳುವೂ ಸತ್ತು ಗಟ್ಟಿಯಾಗಿ ಬೆಳ್ಳಗಾಯಿತು. ಮೂರು ತಟ್ಟೆಯ ತಪ್ಪಿಗೆ ಎಲ್ಲ ತಟ್ಟೆಯೂ ಹೇಗೆ ಸತ್ತಿತು ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಅಕ್ಕಪಕ್ಕದವರ ಹುಳು ಹೇಗಿದೆ ಎಂದೂ ತಿಳಿಯಲಿಲ್ಲ. ಒಬ್ಬರ ಹುಳುವಿನ ಮನೆಗೆ ಇನ್ನೊಬ್ಬರು ಕಾಲಿಡುವುದಿಲ್ಲ, ಬೆಳೆ ಕೆಟ್ಟರೆ ಬಾಯಿ ಬಿಡುವುದೂ ಇಲ್ಲ. ಅಪ್ಪ ಮೇಷ್ಟ್ರಿಗೆ ಪುಸ್ತಕ ಹಿಂದಿರುಗಿಸಿ, "ಇವಳಿಗೆ ಓದು ಬ್ಯಾಡ ಸ್ವಾಮಿ. ಓದಿ ಮನೆ ತೆಗೆದ್ಲು" ಎಂದ. ಮುಂದಿನ ವಾರವೇ ನನ್ನನ್ನು ಆವನಿಗೆ, ಅಮ್ಮನ ತವರಿಗೆ ಕಳಿಸಿದರು. ಮೂರು ವರ್ಷ ಕಳೆದು ಅಲ್ಲೇ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದರು. ಮಾವ ಕೆಟ್ಟವನಲ್ಲ. ಹಾಗೆಂದುಕೊಂಡೇ ದಿನ ದೂಡಿದೆ.

ಓದದೆ ಉಳಿದ ಅರ್ಧವನ್ನು ಅಷ್ಟೂ ವರ್ಷ ನಾನೇ ಕಟ್ಟಿಕೊಂಡಿದ್ದೆ. ಹುಡುಗಿ ದ್ವೀಪ ಮುಟ್ಟುತ್ತಾಳೆ, ಕಳ್ಳರಿಗೆ ಮಣ್ಣು ಮುಕ್ಕಿಸುತ್ತಾಳೆ, ಹಡಗಿಗೇ ಒಡತಿಯಾಗುತ್ತಾಳೆ.

ಈಗ ಒಲೆಯ ಮುಂದೆ ಕೂತು ಮತ್ತೆ ಮೊದಲಿನಿಂದ ಓದಿದೆ. ದೋಣಿ ನಡೆಸುವುದು ಬರೀ ಅರ್ಧ ಪುಟ! ನನ್ನ ನೆನಪಿನಲ್ಲಿ ಅದೊಂದು ದೊಡ್ಡ ಅಧ್ಯಾಯವಾಗಿತ್ತು. ಪುಟ ತಿರುಗಿಸಿದರೆ ನಾಯಕನಿಗೆ ಎಚ್ಚರವಾಗುತ್ತದೆ, ಹುಟ್ಟು ಕಸಿದುಕೊಳ್ಳುತ್ತಾನೆ, "ಇದು ಹೆಂಗಸರ ಕೆಲಸವಲ್ಲ, ಹಿಂದೆ ಸರಿ" ಎನ್ನುತ್ತಾನೆ. ಅಲ್ಲಿಂದ ಕೊನೆಯವರೆಗೂ ಅವಳದ್ದು ಗಂಜಿ ಕಾಯಿಸುವ ಕೆಲಸ. ಕಡೆಗೆ ಅವನು ನಿಧಿ ಹೊತ್ತು ಊರಿಗೆ ಹೋಗುವಾಗ ದಡದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ಇಂಥ ಕಥೆಗೋಸ್ಕರವೇ ನಾನು ಶಾಲೆ ಕಳೆದುಕೊಂಡೆ?

ತನ್ನ ತಮ್ಮನ, ಅಂದರೆ ನನ್ನ ಗಂಡನ, ಮನೆಗೆಂದು ಬಂದಿದ್ದ ಅಮ್ಮ ಅವರೆಕಾಳು ಹಿಚುಕುತ್ತಾ ಕೂತಿದ್ದಳು. "ಹುಳ ಸಾಯಿಸಿದ ಪುಸ್ತಕ ಇದೇ ಕಣಮ್ಮ" ಎಂದೆ, ನಗಲಿಕ್ಕೆ ನೋಡುತ್ತಾ.

"ಪುಸ್ತಕ ಎಲ್ಲಿ ಸಾಯಿಸ್ತೇ? ಆ ಸಲ ಸುಣ್ಣಕಟ್ಟು ರೋಗ ಬಂದು ಊರೆಲ್ಲಾರ ಮನೇಲೂ ಹುಳ ಹೋಗಿತ್ತಲ್ಲ. ಒಬ್ಬರ ಮನೇಲೂ ಒಂದು ಗೂಡು ಕಟ್ಲಿಲ್ಲ."

ಪುಸ್ತಕ ಕೆಳಗಿಟ್ಟೆ. "ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಸುಣ್ಣದಂಗೆ ಬೆಳ್ಳಗಾದ ಹುಳ ನೋಡಿದ್ರೇ ತಿಳಿಯುತ್ತೆ. ನಿನ್ನ ಮಾವನಿಗೆ ಕೊಡೋದು ಅಂತ ಮೊದ್ಲೇ ಮಾತಾಗೋಗಿತ್ತು. ಮೇಷ್ಟ್ರ ದಾಕ್ಷಿಣ್ಯಕ್ಕೆ ನಿಮ್ಮಪ್ಪ ಹೂಂ ಅಂದಿದ್ದು. ನೀನೋ ಕೋಲಾರ ಕೋಲಾರ ಅಂತ ಕುಣೀತಿದ್ದೆ. ಸುಮ್ನೆ ಕಳಿಸಿದ್ರೆ ರಂಪ ಮಾಡ್ತಿದ್ದೆ. ತಪ್ಪು ತನ್ನದೇ ಅಂದ್ಕೊಂಡ್ರೆ ಬಾಯಿ ಮುಚ್ಕೊಂಡು ಹೋಗ್ತಾಳೆ ಬಿಡು ಅಂದ ನಿಮ್ಮಪ್ಪ." ಅಮ್ಮನ ದನಿಯಲ್ಲಿ ಗಂಡನ ಜಾಣತನದ ಬಗ್ಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಬಾಯಿ ಮುಚ್ಚಿಕೊಂಡೇನೂ ಹೋಗಿರಲಿಲ್ಲ ನಾನು. ಗಾಡಿ ಹತ್ತುವ ಮುಂಚೆ ಅಪ್ಪನ ಕಾಲು ಹಿಡಿದು, ತಪ್ಪಾಯಿತಪ್ಪಾ ಎಂದು ಬಿಕ್ಕಿಬಿಕ್ಕಿ ಅತ್ತಿದ್ದೆ. ಅವನು ನನ್ನ ತಲೆ ಸವರಿ, "ಹೋಗ್ಲಿ ಬಿಡು, ಚಿಕ್ಕವಳು" ಎಂದು ನನ್ನನ್ನು ಕ್ಷಮಿಸಿ ಕಳಿಸಿದ್ದ.