ದೊಡ್ಡಮ್ಮ ಏನು ಉಣ್ಣುತ್ತಿದ್ದಳು

ಪತ್ರಿಕೆಯ ಆರೋಗ್ಯದ ಅಂಕಣ ಓದುವ ಚಟ ನನಗಿದೆ. ಹುರುಳಿ ಒಳ್ಳೆಯದೆಂದು ಭಾನುವಾರ ಓದಿದರೆ ಸೋಮವಾರ ಮನೆಯಲ್ಲಿ ಹುರುಳಿಸಾರು. ಕರಿದ ತಿಂಡಿ ಕೆಟ್ಟದ್ದೆಂದು ಬರೆದ ದಿನ ಮಾತ್ರ ಪತ್ರಿಕೆಯನ್ನು ಬೇಗ ಮಡಿಸಿಡುತ್ತೇನೆ. ಮೊನ್ನೆ, ಉಣ್ಣುವ ಆಹಾರಕ್ಕೂ ಕ್ಯಾನ್ಸರಿಗೂ ನಂಟಿರಬಹುದು, ಸೊಪ್ಪು ಹಣ್ಣುಗಳ ಜೀವಸತ್ವ ಮೈಗೆ ಸೇರದಿದ್ದರೆ ಒಳ್ಳೆಯದಲ್ಲ ಎಂಬ ಬರಹ ಕಣ್ಣಿಗೆ ಬಿತ್ತು. ಓದುತ್ತ ಓದುತ್ತ ನಿಟ್ಟೂರಿನ ನಮ್ಮ ದೊಡ್ಡಮ್ಮ ನೆನಪಾದಳು.

ಆಗ ನಾನು ತುಮಕೂರಿನಲ್ಲಿ ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ್ದೆ. ದೊಡ್ಡಮ್ಮನ ಎದೆಯಲ್ಲಿ ಗಂಟಾಗಿರುವುದು ಮನೆಯವರಿಗೆ ತಿಳಿಯುವ ಹೊತ್ತಿಗೆ ಅವಳು ಅದನ್ನು ಬಹಳ ಕಾಲ ಸೆರಗಿನ ಮರೆಯಲ್ಲಿ ಇಟ್ಟುಕೊಂಡಾಗಿತ್ತು. ಆಯುರ್ವೇದದವರು ಇದನ್ನು ಅರ್ಬುದ ಎಂದರಂತೆ, ಗ್ರೀಕರು ಏಡಿ ಎಂದರಂತೆ. ನಮ್ಮ ಕಡೆ ಹೆಸರು ಹೇಳುವ ಪದ್ಧತಿಯೇ ಇರಲಿಲ್ಲ. "ಆ ಕಾಯಿಲೆ" ಎಂದು ದನಿ ತಗ್ಗಿಸಿದರೆ ಸಾಕಾಗಿತ್ತು.

ನೋಡಲು ಬಂದ ನೆಂಟರು ಒಬ್ಬೊಬ್ಬರೂ ಒಂದೊಂದು ಪದಾರ್ಥ ಬಿಡಿಸಿ ಹೋದರು. ನಮ್ಮಲ್ಲಿ ಕಾಯಿಲೆಯವರ ಮೇಲೆ ಪ್ರೀತಿ ತೋರಿಸುವ ಬಗೆಯೇ ಅದು. ಗುಬ್ಬಿಯಿಂದ ಬಂದ ದೊಡ್ಡಪ್ಪನ ಷಡ್ಡಕರು ಬದನೆಕಾಯಿ ನಂಜು ಎಂದರು. ಕುಣಿಗಲ್ಲಿನ ನಾದಿನಿ ಕಡಲೆಕಾಯಿಯ ಜೊತೆಗೆ ಕುಂಬಳವನ್ನೂ ಸೇರಿಸಿದಳು. ಬೆಳ್ಳಾವಿಯವರು ಹಾಲು ಮೊಸರನ್ನೂ ಬಿಡಲಿಲ್ಲ. ಎಲ್ಲರೂ ಒಳ್ಳೆಯವರೇ. ಕೊನೆಗೆ ದೊಡ್ಡಮ್ಮನ ಪಾಲಿಗೆ ಉಳಿದದ್ದು ಗಂಜಿ ಮತ್ತು ಉಪ್ಪು.

ಗಂಡ ಹೆಂಡತಿ ಇಬ್ಬರನ್ನೂ ತುಮಕೂರಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಲೇಬೇಕು, ಆದರೆ ಮೈಯಲ್ಲಿ ರಕ್ತವೇ ಇಲ್ಲ, ಈಗ ಮಾಡಿದರೆ ಜೀವ ತಡೆಯುವುದಿಲ್ಲ ಎಂದರು ಅವರು. ಕಾಯಿಲೆಗೆ ಮುಂಚೆ ಏನು ಊಟ ಮಾಡುತ್ತಿದ್ದಳೆಂದು ಕೇಳಿದರು. ದೊಡ್ಡಪ್ಪ ಹೆಮ್ಮೆಯಿಂದಲೇ ಹೇಳಿದರು: ಮುದ್ದೆ, ಸೊಪ್ಪಿನ ಸಾರು, ಅವರೆಕಾಳು, ತುಪ್ಪ, ಮನೆ ಹಸುವಿನ ಹಾಲು. ತೆಂಗಿನ ತೋಟ ಇಟ್ಟುಕೊಂಡವರ ಮನೆಯಲ್ಲಿ ಊಟಕ್ಕೇನು ಕೊರತೆ?

ದೊಡ್ಡಮ್ಮ ಗಂಡನ ಮಾತಿಗೆ ಎಂದೂ ಅಡ್ಡ ಬಂದವಳಲ್ಲ. ಅಂದೂ ಮೆಲ್ಲಗೇ ಹೇಳಿದಳು. "ಅದು ಅವರು ಉಣ್ಣೋದು ಸ್ವಾಮಿ. ನಂಗೆ ತಳದಾಗೆ ಏನ್ ಉಳೀತದೋ ಅದು."

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಗಂಡಸರು, ಮಕ್ಕಳು, ಆಳುಗಳು ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳಿಗೆ ಸೊಪ್ಪು ಮುಗಿದು ಬರೀ ನೀರು ಉಳಿದಿರುತ್ತದೆ, ಅಷ್ಟೇ. ದೊಡ್ಡಪ್ಪನ ಮುಖ ಬಿಳಚಿಕೊಂಡಿತು. ಹಾಗಾದರೆ ಅದರಿಂದಲೇ ಇದು ಬಂತೇ ಎಂದು ಕೇಳಿದರು. ಹಾಗೆ ಯಾರೂ ಹೇಳಲಾರರು, ಉಂಡು ತೇಗಿದವರಿಗೂ ಬರುತ್ತದೆ ಎಂದು ಡಾಕ್ಟರು ಸಮಾಧಾನ ಮಾಡಿದರು. ನಂಜು ಗಿಂಜು ಎನ್ನದೆ ಚೆನ್ನಾಗಿ ಉಣ್ಣಿಸಿ, ರಕ್ತ ತುಂಬಿದ ಮೇಲೆ ಕರೆತನ್ನಿ ಎಂದು ಕಳಿಸಿದರು.

ಉಣ್ಣಿಸುವುದು ಹೇಗೆ? ನಿಟ್ಟೂರಿಗೆ ಮರಳಿದ ದಿನವೇ, ಗಂಡ ಉಣ್ಣದೆ ತಾನು ಉಣ್ಣುವುದಿಲ್ಲ ಎಂದಳು ದೊಡ್ಡಮ್ಮ. ಅವಳು ಉಣ್ಣದೆ ತಾನು ತಟ್ಟೆ ಮುಟ್ಟುವುದಿಲ್ಲ ಎಂದರು ದೊಡ್ಡಪ್ಪ. ಇಬ್ಬರ ಪಾತಿವ್ರತ್ಯದ ನಡುವೆ ಸಿಕ್ಕಿಕೊಂಡು ಹಸಿದವನು ನಾನು. ಕೊನೆಗೆ ನಾನೇ ಮಧ್ಯಸ್ಥಿಕೆ ಮಾಡಿ ಮೂವರೂ ಒಟ್ಟಿಗೆ ಕೂತೆವು. ಮಿಕ್ಕವರ ಊಟ ಆಗಿದ್ದರೂ ಪಾತ್ರೆಯಲ್ಲಿ ಬೇಕಾದಷ್ಟು ಸೊಪ್ಪಿತ್ತು. ಆದರೂ ದೊಡ್ಡಮ್ಮ ಸೌಟಿನಿಂದ ಸೊಪ್ಪನ್ನು ಪಕ್ಕಕ್ಕೆ ಸರಿಸಿ ತಿಳಿಯನ್ನಷ್ಟೇ ತಟ್ಟೆಗೆ ಬಿಟ್ಟುಕೊಂಡಳು. ಯಾರಿಗೆ ಉಳಿಸುತ್ತಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ. ಕೈಗೆ ಅದೊಂದೇ ಅಭ್ಯಾಸ.

ದೊಡ್ಡಪ್ಪ ಸೌಟು ಕಿತ್ತುಕೊಂಡರು. ಬಡಿಸಿ ಗೊತ್ತಿಲ್ಲದ ಕೈ, ಅರ್ಧ ತಟ್ಟೆಗೆ ಬಿದ್ದರೆ ಅರ್ಧ ನೆಲಕ್ಕೆ. "ಇಷ್ಟು ವರ್ಷ ಒಂದೇ ಮನೇಲಿದ್ದೂ ನಿನ್ನ ತಟ್ಟೇಲಿ ಏನದೆ ಅಂತ ನೋಡ್ಲಿಲ್ಲ ಕಣೇ," ಎಂದರು.

ಆಪರೇಷನ್ ಆಯಿತು, ದೊಡ್ಡಮ್ಮ ಉಳಿದಳು. ತಾವು ಬಿಡಿಸಿದ ಪದಾರ್ಥದಿಂದಲೇ ವಾಸಿಯಾಯಿತೆಂದು ಗುಬ್ಬಿಯವರೂ ಕುಣಿಗಲ್ಲಿನವರೂ ಇಂದಿಗೂ ವಾದಿಸುತ್ತಾರೆ. ಓದಿದವನೆಂಬ ಜಂಬದಲ್ಲಿ ನಾನೂ ಒಮ್ಮೆ, ಯಾವುದನ್ನು ತಿಂದದ್ದರಿಂದ ನಿನಗೆ ಶಕ್ತಿ ಬಂತು ಎಂದು ಅವಳನ್ನೇ ವಿಚಾರಿಸಿದೆ.

"ಅದೆಲ್ಲ ನಂಗೇನ್ ಗೊತ್ತಪ್ಪ," ಎಂದಳು. "ಬಿಸಿ ಮುದ್ದೆ ಇಷ್ಟು ರುಚಿ ಇರ್ತದೆ ಅಂತ ಮಾತ್ರ ಗೊತ್ತಾಯ್ತು."