ಗಂಡನನ್ನು ಕೇಳಿದ ಪ್ರಶ್ನೆ

ಫ್ರೇಜರ್ ಟೌನಿನ ಫಹ್ಮಿದಾ ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು. ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೆ ಅವರ ದನಿ ತಗ್ಗಿತು, ಮುಖ ಬಿಗಿದುಕೊಂಡಿತು. ಜೀವನ್ ಬಿಮಾ ನಗರದಲ್ಲಿ ರೋಗಿಗಳಿಗೆಂದೇ ತಿಂಗಳಿಗೊಮ್ಮೆ ನಡೆಯುವ ಮಾಹಿತಿ ಸಭೆಯಲ್ಲಿ ಭಾಷಣಕಾರ ಅವರ ಗಂಡ ಮುನೀರರನ್ನು ಕೇಳಿದ: "ಇವರು ಸರಿಯಾಗಿ ನಿದ್ದೆ ಮಾಡ್ತಾರಾ?"

"ನನ್ನನ್ನ ಕೇಳಿ," ಎಂದರು ಫಹ್ಮಿದಾ. ಯಾರಿಗೂ ಕೇಳಿಸಲಿಲ್ಲ. ಮುನೀರ್ ಉತ್ತರ ಕೊಡತೊಡಗಿದರು, ಅದೂ ತಪ್ಪಾಗಿ. ಫಹ್ಮಿದಾ ನಿಧಾನವಾಗಿ ಎದ್ದು ಹೋಗಿ ಭಾಷಣಕಾರನ ಕೈಯಿಂದ ಮೈಕ್ ಕಿತ್ತುಕೊಂಡರು.

"ನಮ್ಮನ್ನ ಬಿಟ್ಟು ಪಕ್ಕದವರನ್ನ ಕೇಳ್ತೀರಲ್ಲ, ಇದು ಯಾರ ಸಭೆ? ನಮ್ಮ ಮಾತು ಹೊರಡೋಕೆ ಹೊತ್ತಾಗುತ್ತೆ. ಕಾಯೋಕಾಗದಿದ್ರೆ ನಮ್ಮನ್ನ ಕರೀಬೇಡಿ."

ಆತ ಕ್ಷಮೆ ಕೇಳಿದ, ಮುನೀರರನ್ನು ನೋಡಿಕೊಂಡು.

ಮರುತಿಂಗಳಿಂದ ಆ ಸಭೆಯನ್ನು ಫಹ್ಮಿದಾ ಅವರೇ ನಡೆಸುತ್ತಿದ್ದಾರೆ. ಮನೆಯವರಿಗೆ ಹಿಂದಿನ ಸಾಲು. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.